ಪದ್ಮಾಸನ ಕೋರ್ಟ್ ಮೆಟ್ಟಿಲು ಹತ್ತಿದ ಪ್ರಕರಣ

ಮೈಸೂರಿನ ಯೋಗ ಅಮೆರಿಕದ ಪ್ರಾಥಮಿಕ ಶಾಲೆಗಳ ಒಳಗೆ ಹೋಗಿ, ಅಲ್ಲಿಂದ ಕೋರ್ಟ್ ಮೆಟ್ಟಿಲು ಹತ್ತಿದ ಪ್ರಕರಣ ಇದು. 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕೌಂಟಿಯ ನ್ಯಾಯಾಧೀಶರೊಬ್ಬರು ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಆರೇಳು ವರ್ಷದ ಮಗು ಶಾಲೆಯಲ್ಲಿ ಆಸನ ಹಾಕುವಾಗ ವ್ಯಾಯಾಮ ಕಲಿಯುತ್ತಿದೆಯೋ, ಧರ್ಮ ಕಲಿಯುತ್ತಿದೆಯೋ?

ಯೋಗ, ಧ್ಯಾನ, ಬೌದ್ಧರ ಅಭ್ಯಾಸಗಳನ್ನೆಲ್ಲ ಪುಸ್ತಕದಿಂದ ಹೇಳಿಕೊಡಬೇಡಿ, ಮಕ್ಕಳು ಮಾಡಿಯೇ ಕಲಿಯಲಿ ಎನ್ನುವವರು ಈಗ ಎಲ್ಲ ಕಡೆ ಇದ್ದಾರೆ. ಹೇಳೋಕೆ ಚೆನ್ನಾಗಿದೆ. ಆದರೆ ಹಾಗೆ ಮಾಡಿ ಕಲಿತ ಮಗು ಕಲಿತದ್ದಾದರೂ ಏನು ಎಂದು ಸಾಕ್ಷಿಗಳನ್ನು ಕರೆಸಿ, ಪ್ರಮಾಣ ಮಾಡಿಸಿ ವಿಚಾರಿಸಿದ ಸಂದರ್ಭಗಳು ತೀರ ಕಡಿಮೆ. ಎನ್ಸಿನಿಟಾಸ್ ಪ್ರಕರಣ ಅಂಥದ್ದು.

ಊರು, ಗುರು, ಹಣ

ಎನ್ಸಿನಿಟಾಸ್ ಸ್ಯಾನ್ ಡಿಯಾಗೋ ನಗರದ ಉತ್ತರಕ್ಕಿರುವ ಕಡಲತೀರದ ಊರು. ಅನುಕೂಲಸ್ಥರು ಜಾಸ್ತಿ, ಸರ್ಫಿಂಗ್ ಹುಚ್ಚೂ ಜಾಸ್ತಿ. ಯೋಗ ಇಲ್ಲಿಗೆ ಹೊಸದಲ್ಲ. ಪರಮಹಂಸ ಯೋಗಾನಂದರ ಆಶ್ರಮ 1930ರ ದಶಕದಿಂದಲೂ ಇಲ್ಲಿದೆ. ಅದರ ಕೆಳಗಿನ ಕಡಲತೀರಕ್ಕೆ ಸರ್ಫಿಂಗ್ ಮಾಡುವವರು ಇಟ್ಟ ಹೆಸರೇ 'ಸ್ವಾಮೀಸ್'. 1975ರಲ್ಲಿ ಮೈಸೂರಿನ ಯೋಗ ಗುರು ಪಟ್ಟಾಭಿ ಜೋಯಿಸರು ಮೊದಲ ಸಲ ಅಮೆರಿಕಕ್ಕೆ ಹೋದಾಗ ಕಲಿಸಿದ್ದು ಇದೇ ಊರಿನಲ್ಲಿ. ಜೊತೆಗೆ ಹೋಗಿದ್ದ ಮಗ ಮಂಜು ಅಲ್ಲೇ ಉಳಿದು ಯೋಗ ಕಲಿಸಿದರು.

ಜೋಯಿಸರು ಹಾಸನದ ಹತ್ತಿರದ ಕೌಶಿಕದವರು, ಹುಟ್ಟಿದ್ದು 1915ರಲ್ಲಿ. ಹುಡುಗನಾಗಿದ್ದಾಗ ಹಾಸನದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ ಅವರ ಶಿಷ್ಯರಾದರು. ಆಮೇಲೆ ಮೈಸೂರಿಗೆ ಬಂದು ಸಂಸ್ಕೃತ ಪಾಠಶಾಲೆ ಸೇರಿದರು. ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವಿತ್ತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಶುರುವಾಯಿತು. ಅಲ್ಲಿ ಕಲಿತವರಲ್ಲಿ ಅರಸು ಮನೆತನದ ಹುಡುಗರು ಬಹಳ. ಉಸಿರಿನ ಲೆಕ್ಕಕ್ಕೆ ಆಸನದಿಂದ ಆಸನಕ್ಕೆ ನೆಗೆಯುವ ಈ ಚುರುಕಿನ ಶೈಲಿ ಹರೆಯದ ಹುಡುಗರ ನಡುವೆ ಬೆಳೆದದ್ದು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಶಾಲಾ ಮಕ್ಕಳಿಗೆ ಯೋಗ ಎಂಬುದು ಕ್ಯಾಲಿಫೋರ್ನಿಯಾದವರಿಗೆ ಮೊದಲು ಹೊಳೆದದ್ದಲ್ಲ.

ಜೋಯಿಸರು 2009ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಹುಟ್ಟಿಕೊಂಡಿತು. ಅದರ ಹಿಂದೆ ಇದ್ದವರು ಸೋನಿಯಾ ಜೋನ್ಸ್. ಅವರು ಜೋಯಿಸರ ಶೈಲಿಯಾದ ಅಷ್ಟಾಂಗ ಯೋಗದ ಅಭ್ಯಾಸಿ, ಶ್ರೀಮಂತ ಹೂಡಿಕೆದಾರ ಪಾಲ್ ಟ್ಯೂಡರ್ ಜೋನ್ಸ್ ಅವರ ಪತ್ನಿ. ಈ ಜೋಯಿಸ್ ಪ್ರತಿಷ್ಠಾನ 2012ರಲ್ಲಿ ಎನ್ಸಿನಿಟಾಸ್‌ನ ಶಾಲಾ ಮಂಡಳಿಗೆ 5 ಲಕ್ಷ 30 ಸಾವಿರ ಡಾಲರಿಗೂ ಮೇಲೆ ಅನುದಾನ ಕೊಟ್ಟಿತು. ಮಂಡಳಿಯ ಕೈಕೆಳಗೆ ಒಂಬತ್ತು ಸರ್ಕಾರಿ ಪ್ರಾಥಮಿಕ ಶಾಲೆಗಳು, 5,000ಕ್ಕೂ ಹೆಚ್ಚು ಮಕ್ಕಳು. ಒಂದು ಶಾಲೆಯಲ್ಲಿ ಮೊದಲೇ ಪ್ರಯೋಗ ನಡೆದಿತ್ತು. ಈಗ ಎಲ್ಲ ಶಾಲೆಗಳಿಗೂ ವಾರಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ ಯೋಗ. ದೈಹಿಕ ಶಿಕ್ಷಣದ ಪೀರಿಯಡ್ಡಿನಲ್ಲೇ.

ಗೋಡೆಯ ಮೇಲೆ ಏನಿತ್ತು

ಶುರುವಿನ ದಿನಗಳಲ್ಲಿ ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ತರಗತಿಯಲ್ಲಿ ಅಷ್ಟಾಂಗದ ಎಂಟು ಅಂಗಗಳನ್ನು ಮರದ ಹಾಗೆ ಬರೆದ ಪೋಸ್ಟರ್ ಇತ್ತು. ಯಮ, ನಿಯಮದಿಂದ ಹಿಡಿದು ಸಮಾಧಿಯವರೆಗೆ. ಸಂಸ್ಕೃತ ಹೆಸರುಗಳಿದ್ದವು, ನಮಸ್ತೆ ಇತ್ತು, ಮಕ್ಕಳು ಬಣ್ಣ ತುಂಬಲು ಮಂಡಲದ ಚಿತ್ರಗಳಿದ್ದವು. ಯೋಗ ಮಾಡುವವರ ಮನೆಯಲ್ಲಿ ಇದೆಲ್ಲ ಸಹಜ. ಸರ್ಕಾರಿ ಶಾಲೆಗೆ ಬಂದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

2012ರ ಅಕ್ಟೋಬರ್ ಹೊತ್ತಿಗೆ ಕೆಲವು ಕ್ರೈಸ್ತ ಪೋಷಕರು ದೂರು ತಂದರು. ನಮ್ಮ ಮಕ್ಕಳಿಗೆ ಸರ್ಕಾರದ ಶಾಲೆಯಲ್ಲಿ ಹಿಂದೂ ಧರ್ಮ ಕಲಿಸುತ್ತಿದ್ದೀರಿ ಎಂದರು. ಮಂಡಳಿ ಬೇಗ ಹಿಂದೆ ಸರಿಯಿತು. ಪೋಸ್ಟರ್ ಇಳಿಯಿತು. ಮಂಡಲ ಹೋಯಿತು. ಸಂಸ್ಕೃತ ಪೂರ್ತಿ ಬಿಟ್ಟರು. ಸೂರ್ಯನಮಸ್ಕಾರ 'ಶುರುವಿನ ಸರಣಿ' ಆಯಿತು. ಪದ್ಮಾಸನಕ್ಕೆ ಅಲ್ಲಿನ ಬಾಲವಾಡಿಗಳಲ್ಲಿ ಚಕ್ಕಳಮಕ್ಕಳ ಕೂರಿಸಲು ಹೇಳುವ 'ಕ್ರಿಸ್ ಕ್ರಾಸ್ ಆಪಲ್‌ಸಾಸ್' ಎಂಬ ಪ್ರಾಸದ ಹೆಸರು ಬಂತು. ಕಾಂಗರೂ, ಸರ್ಫರ್, ವಾಷಿಂಗ್ ಮಷೀನ್ ಎಂಬ ಹೆಸರಿನ ಭಂಗಿಗಳೂ ಇದ್ದವು. ನಮಗೆ ನಗು ಬರುತ್ತದೆ, ಅಲ್ವಾ? ಮಕ್ಕಳಿಗೆ ಖುಷಿಯಾಗಿರಬೇಕು.

ಬೇಡ ಎಂದವರ ಮಕ್ಕಳನ್ನು ಯೋಗ ತರಗತಿಯಿಂದ ಬಿಡಿಸುವ ಅವಕಾಶವಿತ್ತು. ಆದರೆ ಅದರಲ್ಲಿ ಒಂದು ತೊಡಕಿತ್ತು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಪ್ರಾಥಮಿಕ ಶಾಲೆ ಪ್ರತಿ 10 ಶಾಲಾ ದಿನಗಳಲ್ಲಿ 200 ನಿಮಿಷ ದೈಹಿಕ ಶಿಕ್ಷಣ ಕೊಡಬೇಕು. ಅದರಲ್ಲಿ 120 ನಿಮಿಷ ಯೋಗಕ್ಕೇ ಹೋದರೆ, ಹೊರಗೆ ಕೂತ ಮಗುವಿನ ಪಾಲಿಗೆ ಉಳಿಯುವುದೇನು? ಪೋಷಕರ ಈ ತಕರಾರು ನನಗೆ ನ್ಯಾಯವಾಗಿಯೇ ಕಾಣುತ್ತದೆ. 'ಬೇಡವಾದರೆ ಬರಬೇಡಿ' ಎನ್ನುವುದು ಸುಲಭ. ಹಾಗೆ ಬಾರದವನು ಏನು ಕಳೆದುಕೊಳ್ಳುತ್ತಾನೆ ಎಂದು ಲೆಕ್ಕ ಹಾಕುವವರು ಕಡಿಮೆ.

2013ರ ಫೆಬ್ರುವರಿಯಲ್ಲಿ ಒಂದು ಕುಟುಂಬ ದಾವೆ ಹೂಡಿತು. ಯೋಗ ಬೇಕು ಎನ್ನುವ ಪೋಷಕರ ಗುಂಪೂ ಮಂಡಳಿಯ ಪರವಾಗಿ ಪ್ರಕರಣಕ್ಕೆ ಸೇರಿಕೊಂಡಿತು.

ಕೋರ್ಟಿನಲ್ಲಿ

ಮೇ ತಿಂಗಳಲ್ಲಿ ವಿಚಾರಣೆ ಶುರುವಾಯಿತು. ಜ್ಯೂರಿ ಇರಲಿಲ್ಲ, ನ್ಯಾಯಾಧೀಶ ಜಾನ್ ಮೇಯರ್ ಒಬ್ಬರೇ. ತಾವೂ ಬಿಸಿ ಕೋಣೆಯಲ್ಲಿ ಮಾಡುವ ಬಿಕ್ರಂ ಯೋಗದ ತರಗತಿಗೆ ಹೋದವರು ಎಂದು ಅವರು ಮೊದಲೇ ಹೇಳಿಬಿಟ್ಟರು. ಆ ಊರಿನ ಕಡೆ ಯೋಗ ಮಾಡದ ನ್ಯಾಯಾಧೀಶರನ್ನು ಹುಡುಕುವುದೂ ಕಷ್ಟವಿತ್ತೇನೋ.

ಪೋಷಕರ ಪರ ಬಂದ ಮುಖ್ಯ ಸಾಕ್ಷಿ ಇಂಡಿಯಾನಾ ವಿಶ್ವವಿದ್ಯಾಲಯದ ಧರ್ಮ ಅಧ್ಯಯನ ಪ್ರಾಧ್ಯಾಪಕಿ ಕ್ಯಾಂಡಿ ಗಂಥರ್ ಬ್ರೌನ್. ಅವರ ವಾದದ ತಿರುಳು ಹೀಗಿತ್ತು: ಧರ್ಮ ಎಂದರೆ ನಂಬಿಕೆ, ನಂಬಿಕೆ ಇಲ್ಲದಿದ್ದರೆ ಧರ್ಮವಿಲ್ಲ ಎಂದುಕೊಳ್ಳುವುದು ಪ್ರೊಟೆಸ್ಟೆಂಟ್ ಕ್ರೈಸ್ತರ ಅಭ್ಯಾಸ. ಬೇರೆ ಪರಂಪರೆಗಳಲ್ಲಿ ಆಚರಣೆಯೇ ಧರ್ಮ. ಮೈ ಬಗ್ಗಿಸುವುದು, ಉಸಿರು ಎಳೆಯುವುದು ಕೂಡ ಧಾರ್ಮಿಕ ಕೆಲಸ. ಹೆಸರು ಬದಲಿಸಿದರೆ ಕೆಲಸ ಬದಲಾಗುವುದಿಲ್ಲ. ಮಗು ಮಾಡುತ್ತಾ ಹೋದರೆ ನಂಬಿಕೆ ಹಿಂದೆಯೇ ಬರುತ್ತದೆ.

ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಯಾಕೆಂದರೆ ಜೋಯಿಸರು ಹೇಳುತ್ತಿದ್ದದ್ದೂ ಹೆಚ್ಚು ಕಡಿಮೆ ಇದನ್ನೇ. ಯೋಗ ಎಂದರೆ 99 ಭಾಗ ಅಭ್ಯಾಸ, 1 ಭಾಗ ಸಿದ್ಧಾಂತ. ಅಭ್ಯಾಸ ಮಾಡು, ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಜಗತ್ತಿನ ಅಷ್ಟಾಂಗ ಶಾಲೆಗಳಲ್ಲೆಲ್ಲ ಓಡಾಡುವ ಮಾತು ಇದು. ಆಸನ ಮೂರನೆಯ ಅಂಗ, ಅದನ್ನು ಸರಿಯಾಗಿ ಹಿಡಿದರೆ ಉಳಿದ ಅಂಗಗಳು ಒಂದೊಂದಾಗಿ ಕೈಗೆ ಸಿಗುತ್ತವೆ ಎಂಬ ನಂಬಿಕೆ.

ಅಂದರೆ ಕೋರ್ಟಿನಲ್ಲಿ ತಲೆಕೆಳಗಾದ ನೋಟವೊಂದು ಕಾಣಿಸಿತು. ಯೋಗವನ್ನು ಶಾಲೆಯಿಂದ ಹೊರಹಾಕಲು ಬಂದವರು ಗುರುವಿನ ಮಾತನ್ನು ಅಕ್ಷರಶಃ ನಂಬಿದ್ದರು. ಮಾಡಿದರೆ ಸಾಕು, ಅದು ಕೆಲಸ ಮಾಡಿಯೇ ತೀರುತ್ತದೆ ಎಂದು ವಾದಿಸಿದರು. ಯೋಗವನ್ನು ಉಳಿಸಿಕೊಳ್ಳಲು ಬಂದ ಮಂಡಳಿಯವರು, ಗುರುವಿನ ಹೆಸರಿನ ಹಣದಲ್ಲೇ ನಿಂತುಕೊಂಡು, ಹಾಗೇನೂ ಆಗುವುದಿಲ್ಲ, ಇದು ಕೈಕಾಲು ಸಡಿಲಿಸುವ ವ್ಯಾಯಾಮ ಅಷ್ಟೇ ಎಂದರು. ಮೈಸೂರಿನ ಯಾವ ಹಳೆಯ ಶಿಷ್ಯನೂ ಒಪ್ಪದ ಮಾತಿನಿಂದ ಮೈಸೂರಿನ ಯೋಗ ಆ ಶಾಲೆಗಳಲ್ಲಿ ಉಳಿಯಬೇಕಾಗಿತ್ತು.

ಜುಲೈ 1ರಂದು ಮೇಯರ್ ತೀರ್ಪು ಕೊಟ್ಟರು. ಯೋಗದ ಬೇರಿನಲ್ಲಿ ಧರ್ಮವಿದೆ ಎಂದು ಒಪ್ಪಿಕೊಂಡರು. ಆದರೆ ಈ ಶಾಲೆಗಳಲ್ಲಿ ಈಗ ಕಲಿಸುತ್ತಿರುವುದರಲ್ಲಿ ಧರ್ಮವಿಲ್ಲ ಎಂದರು. ಪೋಷಕರ ಆತಂಕದ ಬಹುಪಾಲು ಇಂಟರ್ನೆಟ್ಟಿನಲ್ಲಿ ಓದಿದ್ದರಿಂದ ಬಂದದ್ದು, ಇದು ವಿಕಿಪೀಡಿಯಾ ಇಟ್ಟುಕೊಂಡು ವಿಚಾರಣೆ ನಡೆಸಿದ ಹಾಗಿದೆ ಎಂದು ಚುಚ್ಚಿದರು. ಅವರು ನೋಡಿದ್ದು ಯೋಗದ ಚರಿತ್ರೆಯನ್ನಲ್ಲ. ತರಗತಿಯ ಒಳಗೆ ಕೂತ ಮಗುವಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನು. ಅಲ್ಲಿ ಕಾಂಗರೂ ಇತ್ತು, ವಾಷಿಂಗ್ ಮಷೀನ್ ಇತ್ತು. ಪತಂಜಲಿ ಇರಲಿಲ್ಲ.

ಮೇಲ್ಮನವಿ ಹೋಯಿತು. 2015ರ ಏಪ್ರಿಲ್ 3ರಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅದೇ ತೀರ್ಪನ್ನು ಎತ್ತಿಹಿಡಿಯಿತು. ಅದು ಹಿಡಿದ ಅಳತೆಗೋಲು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಹಾಕಿಕೊಟ್ಟದ್ದು. ಉದ್ದೇಶ ಲೌಕಿಕವೇ? ಮುಖ್ಯ ಪರಿಣಾಮ ಧರ್ಮವನ್ನು ಬೆಳೆಸುವುದೋ, ತುಳಿಯುವುದೋ? ಸರ್ಕಾರ ಧಾರ್ಮಿಕ ಸಂಸ್ಥೆಯ ಜೊತೆ ಅತಿಯಾಗಿ ಸಿಕ್ಕಿಹಾಕಿಕೊಂಡಿದೆಯೇ? ಮೂರನೆಯ ಪ್ರಶ್ನೆಯೇ ಇಲ್ಲಿ ಸೂಕ್ಷ್ಮವಾಗಿತ್ತು. ಹಣ ಕೊಟ್ಟದ್ದು ಜೋಯಿಸ್ ಪ್ರತಿಷ್ಠಾನ. ಆದರೆ ಪಠ್ಯ ಮತ್ತು ಶಿಕ್ಷಕರ ನೇಮಕದ ಹಿಡಿತ ಮಂಡಳಿಯ ಕೈಯಲ್ಲೇ ಇತ್ತು ಎಂದು ಕೋರ್ಟ್ ಒಪ್ಪಿತು.

ಹೂವು, ಹಣ್ಣು ಮತ್ತು ಕರವಸ್ತ್ರ

ಇದೇ ಅಮೆರಿಕದಲ್ಲಿ 1970ರ ದಶಕದಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. ಅದರ ಫಲಿತಾಂಶ ಉಲ್ಟಾ. ನ್ಯೂಜೆರ್ಸಿಯ ಐದು ಪ್ರೌಢಶಾಲೆಗಳಲ್ಲಿ ಮಹರ್ಷಿ ಮಹೇಶ್ ಯೋಗಿಗಳ ಭಾವಾತೀತ ಧ್ಯಾನವನ್ನು ಐಚ್ಛಿಕ ವಿಷಯವಾಗಿ ಕಲಿಸಿದರು. ಕಲಿಸುವವರು ಇದು ವಿಜ್ಞಾನ ಎಂದೇ ಹೇಳುತ್ತಿದ್ದರು. ಆದರೆ ವಿದ್ಯಾರ್ಥಿಗೆ ಮಂತ್ರ ಕೊಡುವ ಮೊದಲು ಒಂದು ಪೂಜೆ ಇತ್ತು. ಶಾಲೆಯ ಹೊರಗೆ, ಒಂದು ಭಾನುವಾರ, ಮಕ್ಕಳು ಹೂವು, ಹಣ್ಣು, ಬಿಳಿ ಕರವಸ್ತ್ರ ತರಬೇಕು. ಶೂ ಬಿಚ್ಚಿ ಒಳಗೆ ಬರಬೇಕು. ಶಿಕ್ಷಕರು ಗುರುವಿನ ಚಿತ್ರದ ಮುಂದೆ ಸಂಸ್ಕೃತದಲ್ಲಿ ಶ್ಲೋಕ ಹೇಳಿ ಅರ್ಪಿಸುವರು. ಮಕ್ಕಳಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ.

ಅರ್ಥವಾಗಲಿಲ್ಲ, ಆದ್ದರಿಂದ ಧರ್ಮವಲ್ಲ ಎಂಬ ವಾದ ನಿಲ್ಲಲಿಲ್ಲ. 1977ರಲ್ಲಿ ಫೆಡರಲ್ ನ್ಯಾಯಾಲಯ ಆ ಪಾಠವನ್ನು ನಿಲ್ಲಿಸಿತು. 1979ರಲ್ಲಿ ಮೇಲಿನ ಕೋರ್ಟ್ ಅದನ್ನೇ ಖಾಯಂ ಮಾಡಿತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಾಡಿ ಕಲಿಯುವ ಅಭ್ಯಾಸ ಎರಡೂ ಕಡೆ ಇತ್ತು. ಒಂದು ಕಡೆ ಸುತ್ತಲಿನದ್ದನ್ನೆಲ್ಲ ಇಟ್ಟುಕೊಂಡರು, ಸೋತರು. ಇನ್ನೊಂದು ಕಡೆ ಸುತ್ತಲಿನದ್ದನ್ನೆಲ್ಲ ತೆಗೆದರು, ಗೆದ್ದರು. ಕೋರ್ಟುಗಳು ಕಂಡುಕೊಂಡದ್ದು ಸರಿಯೇ ಎಂದು ನನಗನ್ನಿಸುತ್ತದೆ. ದೇಹ ಒಂಟಿಯಾಗಿ ಏನನ್ನೂ ಕಲಿಸುವುದಿಲ್ಲ. ಯಾರು ಕಲಿಸುತ್ತಾರೆ, ಮೊದಲು ಏನು ಹೇಳುತ್ತಾರೆ, ಎದುರಿಗೆ ಯಾರ ಚಿತ್ರವಿದೆ, ಮುಗಿದ ಮೇಲೆ ಏನು ಕೇಳುತ್ತಾರೆ, ಇವೇ ಅನುಭವಕ್ಕೆ ಆಕಾರ ಕೊಡುತ್ತವೆ.

ಜೋಯಿಸರ ಮೈಸೂರಿನ ಶಾಲೆಯಲ್ಲೂ ಆ 1 ಭಾಗ ಸಣ್ಣದಾಗಿರಲಿಲ್ಲ. ಅಭ್ಯಾಸಕ್ಕೆ ಮೊದಲು ಗುರುವಂದನೆಯ ಮಂತ್ರ. ಎಣಿಕೆ ಸಂಸ್ಕೃತದಲ್ಲಿ. ಅವರು ಕನ್ನಡದಲ್ಲಿ ಬರೆದು 1962ರಲ್ಲಿ ಬಂದ 'ಯೋಗಮಾಲಾ' ಪುಸ್ತಕದಲ್ಲಿ ಸೂರ್ಯನಮಸ್ಕಾರಕ್ಕಿಂತ ಮೊದಲು ಬರುವುದು ಯಮ ನಿಯಮಗಳ ಮಾತು. ಸಂಸ್ಕೃತ ಪಾಠಶಾಲೆಯ ಹುಡುಗ ಯೋಗಕ್ಕೆ ಬರುವ ಹೊತ್ತಿಗೆ ಸಂಧ್ಯಾವಂದನೆ, ಬಾಯಿಪಾಠ, ಹಿರಿಯರ ಮುಂದೆ ಕೂರುವ ರೀತಿ ಎಲ್ಲ ಅವನಲ್ಲಿ ಇದ್ದವು. ಅಂಥವನಿಗೆ 'ಮಾಡು, ಬರುತ್ತದೆ' ಎಂದರೆ ಬಂದೀತು. ಬರಬೇಕಾದದ್ದರ ಹೆಸರು ಅವನಿಗೆ ಮೊದಲೇ ಗೊತ್ತಿತ್ತು. ಎನ್ಸಿನಿಟಾಸ್‌ನ ಮಗುವಿಗೆ ಬಂದದ್ದು ಒಳ್ಳೆಯ ಬೆನ್ನು, ಸ್ವಲ್ಪ ಸಮಾಧಾನ. ಅದೇನೂ ಸಣ್ಣದಲ್ಲ. ಅದನ್ನು 'ಭಾರತೀಯ ಪರಂಪರೆಯ ನೇರ ಅನುಭವ' ಎಂದು ಕರೆಯುವುದು ಮಾತ್ರ ಜಾಸ್ತಿಯಾಯಿತು.

ಬೌದ್ಧರ ಕಡೆ ನೋಡಿದರೂ ಹೀಗೇ. ನಮ್ಮ ಬೈಲಕುಪ್ಪೆಯಲ್ಲೇ ಟಿಬೆಟನ್ ಬೌದ್ಧರ ಸೆರಾ ವಿಹಾರವಿದೆ. ಅಲ್ಲಿನ ಪುಟ್ಟ ಭಿಕ್ಷುಗಳು ದಿನವಿಡೀ ಧ್ಯಾನ ಮಾಡುತ್ತಾರೆ ಎಂದುಕೊಂಡು ಹೋದ ಪ್ರವಾಸಿಗರಿಗೆ ಆಶ್ಚರ್ಯವಾಗುತ್ತದೆ. ಅವರು ಮೊದಲು ಮಾಡುವುದು ಬಾಯಿಪಾಠ. ಆಮೇಲೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ವಾದ. ಗೆಶೆ ಎಂಬ ಪಾಂಡಿತ್ಯದ ಪದವಿಗೆ ಇಪ್ಪತ್ತು ವರ್ಷದ ಹತ್ತಿರ ಓದಬೇಕು. ಟಿಬೆಟನ್ ಬೌದ್ಧರಲ್ಲಿ ಗೆಲುಗ್ ಎಂಬ ಪಂಗಡದ ಈ ಶಾಲೆಗಳಲ್ಲಿ ಮಗುವನ್ನು ಧ್ಯಾನದಿಂದ ಶುರು ಮಾಡಿಸುವುದಿಲ್ಲ. ಅನುಭವ ಮೊದಲು, ಓದು ಆಮೇಲೆ ಎನ್ನುವುದು ನಮ್ಮ ಕಾಲದ ಬೇಡಿಕೆ. ಪರಂಪರೆಗಳ ಮೇಲೆ ಅದನ್ನು ಹೊರಿಸುವುದು ಸರಿಯಲ್ಲ.

ಬೌದ್ಧ ಧ್ಯಾನದಿಂದ ಧರ್ಮವನ್ನು ತೆಗೆದು ರೂಪಿಸಿದ 'ಮೈಂಡ್‌ಫುಲ್‌ನೆಸ್' ಪಾಠಗಳೂ ಶಾಲೆಗಳಿಗೆ ಬಂದಿವೆ. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. 11ರಿಂದ 14 ವರ್ಷದ ಮಕ್ಕಳು. ಶಾಲೆಗಳಲ್ಲಿ ಮಾಮೂಲಾಗಿ ನಡೆಯುವ ಭಾವನೆಗಳ ಪಾಠಕ್ಕಿಂತ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮುಖ್ಯ ವಿಷಯ ಏನೆಂದರೆ, ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಯಾಕೆ ಮಾಡಬೇಕು ಎಂದು ಆ ವಯಸ್ಸಿನ ಮಗುವಿಗೆ ಅನ್ನಿಸದಿದ್ದರೆ ಅದರ ತಪ್ಪೇನಿದೆ?

ಅವಮಾನವೇ ಇದು?

ನಮ್ಮವರಲ್ಲಿ ಹಲವರಿಗೆ ಈ ಪ್ರಕರಣ ಕೇಳಿದಾಗ ಸಿಟ್ಟು ಬರುತ್ತದೆ. ಯೋಗ ಬೇಕು, ಅದರ ಹೆಸರು ಬೇಡವೇ ಎನ್ನುತ್ತಾರೆ. ಅಮೆರಿಕದ ಹಿಂದೂ ಸಂಘಟನೆಯೊಂದು 2010ರಲ್ಲೇ ಯೋಗದ ಹಿಂದೂ ಬೇರುಗಳನ್ನು ನೆನಪಿಸುವ ಅಭಿಯಾನ ನಡೆಸಿತ್ತು. ಆ ಬೇಸರ ಅರ್ಥವಾಗುವಂಥದ್ದೇ. ಆದರೆ ಇದನ್ನು ತಿರುಗಿಸಿ ನೋಡಬೇಕು. ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಗೆ ಕ್ರೈಸ್ತರ ಜಪಸರ ಕೊಟ್ಟು, ಪ್ರಾರ್ಥನೆ ಏನಿಲ್ಲ, ಮಣಿ ಎಣಿಸುತ್ತಾ ಉಸಿರಾಡಿದರೆ ಏಕಾಗ್ರತೆ ಬರುತ್ತದೆ ಎಂದರೆ ನಾವು ಒಪ್ಪುತ್ತೇವೆಯೇ? ಮಣಿಯ ತುದಿಯ ಶಿಲುಬೆ ತೆಗೆದಿದ್ದೇವೆ ಎಂದರೂ ಒಪ್ಪುತ್ತೇವೆಯೇ? ಎನ್ಸಿನಿಟಾಸ್‌ನ ಆ ಪೋಷಕರು ಹಟಮಾರಿಗಳು ಎಂದುಕೊಳ್ಳುವ ಮೊದಲು ಈ ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಬೇಕು.

ಅಲಬಾಮಾ ರಾಜ್ಯ ಇನ್ನೂ ದೂರ ಹೋಗಿತ್ತು. 1993ರಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಯೋಗಕ್ಕೆ ನಿಷೇಧವೇ ಇತ್ತು. 2021ರಲ್ಲಿ ಅದನ್ನು ತೆಗೆದರು. ತೆಗೆದ ಕಾನೂನಿನಲ್ಲೇ ನಮಸ್ತೆ ಕೂಡದು, ಮಂತ್ರ, ಮುದ್ರೆ, ಮಂಡಲ ಕೂಡದು, ಆಸನಗಳಿಗೆ ಇಂಗ್ಲಿಷ್ ಹೆಸರೇ ಇರಬೇಕು, ಪೋಷಕರ ಸಹಿ ಬೇಕು ಎಂದು ಬರೆದರು. ಎನ್ಸಿನಿಟಾಸ್‌ನಲ್ಲಿ ದೂರು ಬಂದ ಮೇಲೆ ಬಿಟ್ಟದ್ದನ್ನು ಇವರು ಮೊದಲೇ ಬಿಡಿಸಿದರು.

ಎನ್ಸಿನಿಟಾಸ್‌ನಲ್ಲಿ ಕಥೆ ತೀರ್ಪಿಗೆ ಮುಗಿಯಲಿಲ್ಲ. ಪ್ರತಿಷ್ಠಾನದ ಹಣ ಇಳಿಯುತ್ತಾ ಬಂದಾಗ, 2016ರಲ್ಲಿ, ಯೋಗದ ಬಗ್ಗೆ ಮತ್ತೆ ಜಗಳವಾಯಿತು. ಈ ಸಲ ಧರ್ಮದ್ದಲ್ಲ, ದುಡ್ಡಿನದು. ಮಂಡಳಿಯ ಸ್ವಂತ ಹಣ ಯೋಗಕ್ಕೆ ಹೋದರೆ ಬೇರೆ ಪಾಠಗಳ ಗತಿಯೇನು ಎಂದು ಪೋಷಕರು ಕೇಳಿದರು. ಬರೀ ವ್ಯಾಯಾಮ ಎಂದು ಕೋರ್ಟಿನಲ್ಲಿ ಗೆದ್ದ ಮೇಲೆ, ಬೇರೆ ವ್ಯಾಯಾಮಕ್ಕಿಲ್ಲದ ಖರ್ಚು ಇದಕ್ಕೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಾಗುತ್ತದೆ.

ಇಲ್ಲಿ

2017ರಲ್ಲಿ ಶಾಲೆಗಳಲ್ಲಿ ಯೋಗ ಕಡ್ಡಾಯ ಮಾಡಿ ಎಂಬ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದು ಸರ್ಕಾರ ತೀರ್ಮಾನಿಸಬೇಕಾದ ವಿಷಯ ಎಂದಿತು. 2022ರ ನವೆಂಬರಿನಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ಕರ್ನಾಟಕದ ಶಾಲೆ, ಪಿಯು ಕಾಲೇಜುಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸುವ ಮಾತನಾಡಿದರು. ಪರ ವಿರೋಧದ ಮಾತು ಜೋರಾಗಿಯೇ ನಡೆಯಿತು. ಅದರಲ್ಲಿ ಧ್ಯಾನ ಒಳ್ಳೆಯದೋ ಕೆಟ್ಟದ್ದೋ ಎಂಬುದೇ ಜಾಸ್ತಿ.

ಕೇಳಬೇಕಾದದ್ದು ಬೇರೆ ಇತ್ತು. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆ, ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟ್ ಧರ್ಮಗಳ ಬಗ್ಗೆ ಕಲಿಸುವುದಕ್ಕೆ ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿದೆ. ಹಾಗಿದ್ದರೆ ದಾರಿ ಎರಡು. ಒಂದೋ, ಹತ್ತು ನಿಮಿಷ ಮಕ್ಕಳು ಸುಮ್ಮನೆ ಕೂತು ಉಸಿರು ಗಮನಿಸಲಿ. ಆಗ ಎದುರಿಗೆ ಚಿತ್ರ ಬೇಡ, ಮಂತ್ರ ಬೇಡ, ಪರಂಪರೆ ಕಲಿಸಿದೆವು ಎಂಬ ಹೆಮ್ಮೆಯೂ ಬೇಡ. ಇಲ್ಲವೋ, ಪತಂಜಲಿ ಏನು ಹೇಳಿದ, ಬುದ್ಧ ಏನು ಹೇಳಿದ, ಅಲ್ಲಮ ಏನು ಕೇಳಿದ ಎಂದು ಸಮಾಜ, ಇತಿಹಾಸ, ಕನ್ನಡದ ಪಾಠಗಳಲ್ಲಿ ಮಕ್ಕಳ ಜೊತೆ ಸರಿಯಾಗಿ ಕೂತು ಓದಲಿ. ಅದಕ್ಕೆ ಹತ್ತು ನಿಮಿಷ ಸಾಲುವುದಿಲ್ಲ, ಓದಿಕೊಂಡ ಶಿಕ್ಷಕರು ಬೇಕು. ಕಣ್ಣು ಮುಚ್ಚಿ ಕೂತುಕೊಳ್ಳಿ ಎಂದು ಹೇಳುವುದಕ್ಕೆ ಬೇಕಾಗುವುದಕ್ಕಿಂತ ಬಹಳ ಹೆಚ್ಚಿನ ತಯಾರಿ ಬೇಕು.